ಹೊಳೆ ದಾಟಿದ ಹೆಸರುಗಳು

ಮನುಷ್ಯನ ಸೊತ್ತುಗಳಲ್ಲೆಲ್ಲ ಅವನು ತಾನೇ ಅತಿ ಕಡಿಮೆ ಬಳಸುವ ಸೊತ್ತೆಂದರೆ ಅವನ ಹೆಸರು. ಅದನ್ನು ದಿನವೂ ಬಳಸುವವರು ಹೆರವರು. ಕರೆಯುವವರು ಅವರು, ಬರೆಯುವವರು ಅವರು, ಹಾಜರಿ ಪಟ್ಟಿಯಲ್ಲಿ ಗಟ್ಟಿಯಾಗಿ ಓದುವವರೂ ಅವರೇ. ಆದುದರಿಂದ ಹೆಸರು ಸವೆಯುವುದಾದರೆ ಹೆರವರ ನಾಲಗೆಯ ಮೇಲೆಯೇ ಸವೆಯಬೇಕು. ಕರ್ನಾಟಕದ ಒಳಗೆ ವಾಸಿಸುವ ಬಂಧುಗಳಿಗೆ ಈ ಸಂಗತಿ ಅಷ್ಟಾಗಿ ತೋರದು. ಅಲ್ಲಿ ಕರೆಯುವವರ ನಾಲಗೆಯೂ ಕರೆಸಿಕೊಳ್ಳುವವರ ಕಿವಿಯೂ ಬಹುಮಟ್ಟಿಗೆ ಒಂದೇ ನುಡಿಗೆ ಸೇರಿದವು. ಗಡಿಯ ಈಚೆಗಿರುವ ನಮ್ಮ ಪಾಡು ಬೇರೆ. ತೊಟ್ಟಿಲಲ್ಲಿ ಕನ್ನಡದಲ್ಲಿ ಇಟ್ಟ ಹೆಸರು ಶಾಲೆಯ ಹೊಸ್ತಿಲು ದಾಟುತ್ತಲೇ ಇನ್ನೊಂದು ಲಿಪಿಯ ಅಂಗಿಯನ್ನು ತೊಡಬೇಕಾಗುತ್ತದೆ. ಕೆಲವೊಮ್ಮೆ ಅದು ಮೈಗೊಪ್ಪುತ್ತದೆ. ಕೆಲವೊಮ್ಮೆ ತೋಳು ಗಿಡ್ಡ, ಕೆಲವೊಮ್ಮೆ ಬಾಲ ಉದ್ದ. ಈ ತಿಂಗಳು ನಮ್ಮ ಅಂಕಣದಲ್ಲಿ ಈ ಹೆಸರುಗಳ ಪಾಡನ್ನೇ ಕುರಿತು ನಾಲ್ಕು ಮಾತುಗಳನ್ನಾಡುವೆವು.

ರಾಮ ಎಂಬ ಎರಡಕ್ಷರದ ಹೆಸರನ್ನೇ ತೆಗೆದುಕೊಳ್ಳೋಣ. ಸೊಲ್ಲಾಪುರದ ಬೀದಿಯಲ್ಲಿ ಅವನು ‘ರಾಮ್’. ಕೊನೆಯ ಅಕಾರವನ್ನು ನುಂಗುವುದು ಮರಾಠಿಯ ಅಭ್ಯಾಸ. ಕಾಸರಗೋಡಿನಿಂದ ತೆಂಕಕ್ಕೆ ನಡೆದರೆ ‘ರಾಮನ್’. ಹೊಸೂರಿನಿಂದ ಮೂಡಣಕ್ಕೆ ನಡೆದರೂ ‘ರಾಮನ್’. ಆದವಾನಿಯ ಕಡೆಗೆ ಹೋದರೆ ‘ರಾಮುಡು’. ಕನ್ನಡದ ಮಾತು ಸ್ವರದ ಮೇಲೆ ನಿಲ್ಲಬಯಸುತ್ತದೆ. ನಮ್ಮ ನೆರೆಯವರಿಗೆ ಆ ನಿಲುಗಡೆ ಸಾಲದು, ಇಲ್ಲವೆ ಹೆಚ್ಚಾಯಿತು. ಊರುಗಳ ಗತಿಯೂ ಇದೇ. ನಮ್ಮ ಮಂಜೇಶ್ವರವು ಮಲಯಾಳದಲ್ಲಿ ‘ಮಂಜೇಶ್ವರಂ’ ಆಯಿತು, ರಾಯದುರ್ಗವು ತೆಲುಗಿನಲ್ಲಿ ‘ರಾಯದುರ್ಗಂ’ ಆಯಿತು. ಎರಡೂ ಕಡೆ ಒಂದೊಂದು ಸೊನ್ನೆಯನ್ನು ಸುಮ್ಮನೆ ಕೊಟ್ಟಿದ್ದಾರೆ. ಕಾಸರಗೋಡಿನ ಕೊನೆಯ ಉಕಾರವನ್ನು ಮಾತ್ರ ಅರ್ಧಕ್ಕೆ ಇಳಿಸಿದರು. ಸೊಲ್ಲಾಪುರದಲ್ಲಿ ಮೊದಲಕ್ಷರ ದೀರ್ಘವಾಯಿತು, ನಡುವಣ ಒತ್ತು ಹೋಯಿತು, ಕಡೆಯ ಅಕಾರವೂ ಹೋಗಿ ‘ಸೋಲಾಪೂರ್’ ಉಳಿಯಿತು. ಹ್ರಸ್ವ ಎಕಾರ ಒಕಾರಗಳಿಗೆ ದೇವನಾಗರಿಯಲ್ಲಿ ಬೇರೆ ಗುರುತೇ ಇಲ್ಲದ ಕಾರಣ, ಹೊನ್ನಪ್ಪನೂ ಕೆಂಚಮ್ಮನೂ ಮರಾಠಿ ಬರಹದಲ್ಲಿ ಒಂದು ಮಾತ್ರೆ ಹೆಚ್ಚಾಗಿ ಎಳೆಸಿಕೊಳ್ಳಬೇಕಾಗುತ್ತದೆ.

ತಮಿಳು ನಾಡಿನಲ್ಲಿ ನೆಲೆಸಿದ ನಮ್ಮವರ ಅನುಭವ ಇನ್ನೂ ಸ್ವಾರಸ್ಯವಾದದ್ದು. ಕ, ಖ, ಗ, ಘ ಎಂಬ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಪ, ಫ, ಬ, ಭಗಳಿಗೂ ಒಂದೇ. ಪದದ ಯಾವ ಎಡೆಯಲ್ಲಿದೆ ಎಂಬುದನ್ನು ನೋಡಿ ಓದುವವನು ಧ್ವನಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ತಮಿಳಿನ ಮಾತುಗಳಿಗೆ ಈ ಏರ್ಪಾಡು ಚೆನ್ನಾಗಿ ಸಾಕಾಗುತ್ತದೆ. ಆದರೆ ನಮ್ಮ ದೊಡ್ಡಬಸಪ್ಪನು ಆ ಲಿಪಿಯೊಳಗೆ ಹೊಕ್ಕರೆ, ಆತನನ್ನು ಬಲ್ಲವರು ದೊಡ್ಡಬಸಪ್ಪನೆಂದೇ ಓದುವರು. ಅರಿಯದ ಗುಮಾಸ್ತನು ‘ತೊಟ್ಟಪಸಪ್ಪಾ’ ಎಂದು ಕೂಗಿದರೆ ಅವನದೇನೂ ತಪ್ಪಿಲ್ಲ. ವರನಟ ರಾಜಕುಮಾರರ ಹುಟ್ಟೂರು ತಾಳವಾಡಿಯ ಸೀಮೆಗೆ ಸೇರಿದುದೆಂಬುದನ್ನು ವಾಚಕರು ಬಲ್ಲರು. 2000ದ ಜುಲೈ 30ರ ರಾತ್ರಿ ಅವರು ಆ ಊರಿನ ಮನೆಯಿಂದಲೇ ಅಪಹೃತರಾದಾಗ ದೇಶದ ಪತ್ರಿಕೆಗಳೆಲ್ಲ ಆ ಹಳ್ಳಿಯ ಹೆಸರನ್ನು ಅಚ್ಚುಮಾಡಬೇಕಾಯಿತು. ಅಲ್ಲಿನ ದೊಡ್ಡಗಾಜನೂರು ತಮಿಳು ಲಿಪಿಯನ್ನು ಹಾದು ಇಂಗ್ಲಿಷಿಗೆ ಬರುವ ಹೊತ್ತಿಗೆ ‘ತೊಟ್ಟಗಾಜನೂರ್’ ಆಗಿತ್ತು. ದೊಡ್ಡದು ಎಂಬ ಅರ್ಥ ದಾರಿಯಲ್ಲೆಲ್ಲೋ ಉದುರಿಹೋಗಿತ್ತು.

ಹೊಸೂರಿನ ಕಥೆಯೂ ಇಂಥದೇ. ಹೊಸತಾದ ಊರು ಹೊಸೂರು. ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಿಳರ ನಾಲಗೆಗೆ ಹಕಾರ ಅಷ್ಟು ಒಗ್ಗದು. ಆದುದರಿಂದ ಅದನ್ನು ಬಿಟ್ಟು ‘ಒಸೂರ್’ ಎಂದು ಬರೆದರು. ಅರ್ಥವನ್ನು ಹಿಡಿದು ಅನುವಾದಿಸಿದ್ದರೆ ಅದು ‘ಪುದೂರ್’ ಆಗಬೇಕಿತ್ತು. ನಮ್ಮ ಹಳಗನ್ನಡದ ‘ಪೊಸ’ವೂ ಅವರ ‘ಪುದು’ವೂ ಒಂದೇ ಬಳ್ಳಿಯ ಕಾಯಿಗಳಲ್ಲವೆ? ಆದರೆ ಹೆಸರುಗಳನ್ನು ಯಾರೂ ಅನುವಾದಿಸುವುದಿಲ್ಲ. ಕೇಳಿಸಿದಷ್ಟನ್ನು ಹಿಡಿದುಕೊಳ್ಳುತ್ತಾರೆ, ಅಷ್ಟೆ. ಹೊಸೂರಿನ ನೆರೆಯ ಡೆಂಕಣಿಕೋಟೆಗೆ ಬಂದ ಭಾಗ್ಯ ಮಾತ್ರ ಬೇರೆ. ತಮಿಳಿನಲ್ಲಿ ಅದು ‘ತೇನ್‌ಕನಿಕ್ಕೋಟ್ಟೈ’. ಎಂದರೆ ಜೇನು, ಹಣ್ಣು, ಕೋಟೆ, ಮೂರೂ ಸೇರಿದ ಊರು! ಅರ್ಥ ಹೊಳೆಯದ ಪರರ ಹೆಸರನ್ನು ಕೇಳಿದ ಕಿವಿಯು ತನ್ನ ಮನೆಯ ಜೇನನ್ನೇ ಅದಕ್ಕೆ ಸವರಿತು. ಇದಕ್ಕಾಗಿ ಯಾರ ಮೇಲಾದರೂ ಮುನಿಯಲು ಸಾಧ್ಯವೆ?

ಮುನಿಯಬಾರದೆಂಬುದಕ್ಕೆ ಇನ್ನೂ ಬಲವಾದ ಕಾರಣವುಂಟು. ನಾವು ಮಾಡಿರುವುದೂ ಅದನ್ನೇ. ನಮ್ಮ ನೆರೆಯವರು ತಮ್ಮ ನುಡಿಯ ಹೆಸರಿನ ಕೊನೆಯಲ್ಲಿ ಉಚ್ಚರಿಸುವ ಧ್ವನಿಯು ಹಳಗನ್ನಡದಲ್ಲಿ ನಮಗೂ ಇತ್ತು. ಅದಕ್ಕೆ ‘ೞ’ ಎಂಬ ಅಕ್ಷರವೂ ಇತ್ತು. ಕಾಲಕ್ರಮದಲ್ಲಿ ನಾವು ಅದನ್ನು ಕಳೆದುಕೊಂಡೆವು. ಅದರಿಂದಾಗಿ ತಮಿೞ್ ಎಂಬುದನ್ನು ‘ತಮಿಳು’ ಎಂದು ಬರೆದು, ಕೊನೆಗೊಂದು ಉಕಾರವನ್ನೂ ಅಂಟಿಸಿ, ಅವರ ಭಾಷೆಯ ಹೆಸರನ್ನೇ ತಿದ್ದಿಬಿಟ್ಟಿದ್ದೇವೆ. ಮಲಯಾಳಿಗಳ ಕೋೞಿಕ್ಕೋಡು ನಮಗೆ ಕಲ್ಲಿಕೋಟೆ. ಅಲ್ಲಿ ಹುಡುಕಿದರೂ ಸಿಗದ ಕಲ್ಲನ್ನು ನಾವು ಹೊತ್ತು ಹಾಕಿದೆವು! ಹೀಗಿರುವಾಗ ನೆರೆಯವರ ಲಿಪಿಯು ನಮ್ಮ ಹೆಸರನ್ನು ಕುಂದಿಲ್ಲದೆ ಕಾಪಾಡಬೇಕೆಂದು ಕೇಳುವುದು ನ್ಯಾಯವಲ್ಲ. ಅದು ಆ ಲಿಪಿಯ ಕೆಲಸವೂ ಅಲ್ಲ. ಆ ಕೆಲಸ ಯಾರದೆಂಬುದೇ ನಮ್ಮ ಪ್ರಶ್ನೆ.

ಹೆಸರಿನ ಅಕ್ಷರಗಳ ಮಾತಾಯಿತು. ಇನ್ನು ಹೆಸರನ್ನು ಜೋಡಿಸುವ ಕ್ರಮವನ್ನು ನೋಡೋಣ. ಒಬ್ಬ ಅಜ್ಜಿಗೆ ನಾಲ್ವರು ಹೆಣ್ಣುಮಕ್ಕಳಿದ್ದು, ನಾಲ್ಕು ದಿಕ್ಕಿನ ಗಡಿಗಳಿಗೆ ಮದುವೆಯಾಗಿ ಹೋದರೆಂದಿಟ್ಟುಕೊಳ್ಳಿ. ಸೊಲ್ಲಾಪುರದ ಮೊಮ್ಮಗನಿಗೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ಭಾಗ. ಹೊಸೂರಿನ ಮೊಮ್ಮಗನಿಗೆ ಅಡ್ಡಹೆಸರೇ ಇಲ್ಲ. ಅಪ್ಪನ ಹೆಸರಿನ ಮೊದಲಕ್ಷರವೊಂದು ಮುಂದೆ ನಿಂತರೆ ಮುಗಿಯಿತು. ರಾಯದುರ್ಗದವನಿಗೆ ‘ಇಂಟಿಪೇರು’ ಮೊದಲು, ತನ್ನದು ಆಮೇಲೆ. ಕಾಸರಗೋಡಿನವನಿಗೆ ಮನೆತನದ ಹೆಸರೋ ಊರಿನ ಹೆಸರೋ ಅಕ್ಷರರೂಪದಲ್ಲಿ ಅಂಟಿಕೊಳ್ಳುತ್ತದೆ. ಒಂದೇ ಅಜ್ಜಿಯ ಮೊಮ್ಮಕ್ಕಳೆಂದು ಅವರ ಹೆಸರುಗಳಿಂದ ಯಾವ ಅಧಿಕಾರಿಯೂ ಕಂಡುಹಿಡಿಯಲಾರನು. ಅಜ್ಜಿಗಾದರೋ ಅವರು ಪುಟ್ಟ, ಕಿಟ್ಟ, ಸುಬ್ಬ, ಗುಂಡ. ಆಕೆಯ ಪಟ್ಟಿಯಲ್ಲಿ ಎಂದೂ ಗೊಂದಲವಿಲ್ಲ.

ಈ ಕ್ರಮಗಳ ಬಗೆಗೆ ಆಯಾ ರಾಜ್ಯದವರು ವಹಿಸುವ ಕಾಳಜಿಯು ಗಮನಿಸತಕ್ಕುದು. ಮಹಾರಾಷ್ಟ್ರ ಸರಕಾರವು 2024ರಲ್ಲಿ ಒಂದು ನಿರ್ಣಯವನ್ನು ಕೈಗೊಂಡಿತು. ಆ ವರ್ಷದ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ಕಾಗದಗಳಲ್ಲಿ ಬರೆಯುವಾಗ ಮಗುವಿನ ಹೆಸರಿನ ಒಡನೆಯೇ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕಡೆಗೆ ಅಡ್ಡಹೆಸರು ಬರತಕ್ಕದ್ದು. ಹೆತ್ತವಳ ಹೆಸರು ಕಾಗದಕ್ಕೆ ಏರಿದ್ದು ಸಂತೋಷದ ವಿಷಯ. ಅಕ್ಕಲಕೋಟೆಯ ಮತ್ತು ಜತ್ತದ ನಮ್ಮ ಮನೆಗಳ ಸೊಸೆಯಂದಿರಿಗೂ ಈ ಗೌರವ ಸಂದಿತು. ಅದಕ್ಕೂ ಮುಂಚೆ, 2021ರಲ್ಲಿ, ತಮಿಳುನಾಡು ಸರಕಾರವು ಹೆಸರಿನ ಮುಂದಿನ ಒಂಟಿ ಅಕ್ಷರವನ್ನು ಕೂಡ ಇಂಗ್ಲಿಷಿನಲ್ಲಿ ಬರೆಯದೆ ತಮಿಳಿನಲ್ಲಿಯೇ ಬರೆಯಬೇಕೆಂದು ಆದೇಶ ಹೊರಡಿಸಿತು. ಒಂದೇ ಒಂದು ಅಕ್ಷರ! ಅದಕ್ಕಾಗಿ ಒಂದು ಸರಕಾರ ಕುಳಿತು ವಿಚಾರ ಮಾಡಿತು. ಇದನ್ನು ಓದಿ ನಕ್ಕವರುಂಟು. ನಾವು ಮಾತ್ರ ನಗಲಿಲ್ಲ. ತನ್ನ ನುಡಿಯ ಒಂದಕ್ಷರವೂ ಸಣ್ಣದಲ್ಲವೆಂದು ತಿಳಿದವರಿಂದ ಕಲಿಯತಕ್ಕುದು ಬಹಳವಿದೆ.

ಊರಿನ ಹೆಸರುಗಳ ಸುದ್ದಿಯೂ ಈ ವರ್ಷಗಳಲ್ಲಿ ಕಡಿಮೆಯಾಗಿರಲಿಲ್ಲ. 2014ರ ನವೆಂಬರ್ 1ರಂದು ಕರ್ನಾಟಕವು ತನ್ನ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಒಗ್ಗಿಸಿತು. ಬೆಂಗಳೂರು, ಮಂಗಳೂರು, ಬೆಳಗಾವಿಗಳು ಇಂಗ್ಲಿಷಿನಲ್ಲೂ ತಮ್ಮ ಉಕಾರ ಇಕಾರಗಳನ್ನು ಪಡೆದವು. 2020ರ ಜೂನ್ ತಿಂಗಳಲ್ಲಿ ತಮಿಳುನಾಡು ಒಮ್ಮೆಗೇ 1018 ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳಿನಂತೆ ತಿದ್ದಲು ಹೊರಟು, ಟೀಕೆಗಳು ಎದ್ದುದರಿಂದ ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂದಕ್ಕೆ ಪಡೆಯಿತು. ಅದರ ಮರುವರ್ಷ, 2021ರ ಜೂನ್‌ನಲ್ಲಿ, ಕಾಸರಗೋಡು ಸೀಮೆಯ ಕನ್ನಡ ಊರುಗಳ ಹೆಸರುಗಳನ್ನು ಮಲಯಾಳಕ್ಕೆ ಬದಲಾಯಿಸುವರೆಂಬ ಸುದ್ದಿ ಹಬ್ಬಿತು. ಕರ್ನಾಟಕದಲ್ಲಿ ದೊಡ್ಡ ಕೂಗೆದ್ದಿತು, ಪತ್ರಗಳು ಓಡಾಡಿದವು. ಅಂಥ ಪ್ರಸ್ತಾಪವೇ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂದಿತು. ಗದ್ದಲ ಅಡಗಿತು.

ಗದ್ದಲ ಅಡಗಿದ ಮೇಲೆ ಯೋಚಿಸಬೇಕಾದ ಮಾತೊಂದು ಉಳಿಯುತ್ತದೆ. ಹೆಸರು ಅಳಿಯುವುದಕ್ಕೆ ಸರಕಾರದ ಆದೇಶವೇ ಬೇಕೆಂದಿಲ್ಲ. ಮಡಕಶಿರಾ ಸೀಮೆಯ ಹೇಮಾವತಿಯನ್ನು ನೋಡಿ. ನೊಳಂಬ ಅರಸರ ರಾಜಧಾನಿಯಾಗಿದ್ದ ಆ ಊರಿನ ಹಳೆಯ ಹೆಸರು ಹೆಂಜೇರು. ಶಾಸನಗಳಲ್ಲಿ ಆ ಹೆಸರು ಉಳಿದಿದೆ, ಬಾಯಲ್ಲಿ ಉಳಿಯಲಿಲ್ಲ. ಅದು ಅಳಿದದ್ದು ಭಾಷಾವಾರು ರಾಜ್ಯಗಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ. ಇನ್ನೊಂದು ಕಡೆ ಕಾಸರಗೋಡಿನ ಹೊಳೆಯನ್ನು ನೋಡಿ. ಸುಳ್ಯದ ಬಳಿ ಹರಿಯುವಾಗ ಅದು ಪಯಸ್ವಿನಿ, ಕಡಲು ಸೇರುವಾಗ ಚಂದ್ರಗಿರಿ. ಎರಡು ಹೆಸರುಗಳೂ ಬಾಳಿವೆ. ಏಕೆಂದರೆ ಎರಡನ್ನೂ ಹೇಳುವ ಜನ ಅದರ ದಡಗಳಲ್ಲಿ ಇದ್ದಾರೆ. ಹೇಳುವವರು ಇರುವವರೆಗೆ ಹೆಸರಿಗೆ ಅಳಿವಿಲ್ಲ. ಅವರು ಇಲ್ಲವಾದರೆ ಗೆಜೆಟ್ಟಿನಲ್ಲಿ ಅಚ್ಚಾದರೂ ಅದು ಬದುಕದು. ಕರ್ನಾಟಕದ 2014ರ ಆದೇಶವಾದರೋ ಗಡಿಯ ಈಚೆಗೆ ನಡೆಯುವಂಥದಲ್ಲ. ನಮ್ಮ ಊರುಗಳ ಕನ್ನಡ ಹೆಸರುಗಳಿಗೆ ನಮ್ಮ ಬಾಯಿಯೇ ಗೆಜೆಟ್ಟು.

ಬಾಯಿಯ ಬಲ ಎಷ್ಟೆಂಬುದಕ್ಕೆ ತಾಳವಾಡಿ ಸೀಮೆಯದೇ ಇನ್ನೊಂದು ಸುದ್ದಿಯಿದೆ. ಅಲ್ಲಿನ ಗುಮಟಾಪುರವೆಂಬ ಹಳ್ಳಿಯಲ್ಲಿ ದೀಪಾವಳಿಯ ಕೊನೆಗೆ ಗೋರೆಹಬ್ಬ ನಡೆಯುತ್ತದೆ. ಊರಿನ ದನಗಳ ಸಗಣಿಯನ್ನೆಲ್ಲ ಕೂಡಿಹಾಕಿ, ಬೀರೇಶ್ವರನಿಗೆ ಪೂಜೆ ಸಲ್ಲಿಸಿ, ಆಮೇಲೆ ಗಂಡಸರು ಉಂಡೆಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಕೆಲವು ವರ್ಷಗಳ ಹಿಂದೆ ವಿದೇಶದ ಪತ್ರಿಕೆಗಳು ಕೂಡ ಇದರ ಚಿತ್ರಗಳನ್ನು ಅಚ್ಚುಹಾಕಿದವು. ನೋಡಿ ಮೂಗು ಮುರಿದವರೂ ಇರಬಹುದು. ಆದರೆ ನಮ್ಮ ಕಣ್ಣು ಹೋದದ್ದು ಬೇರೊಂದು ಕಡೆಗೆ. ಹಳ್ಳಿ ತಮಿಳುನಾಡಿನದು, ಪತ್ರಿಕೆ ಇಂಗ್ಲಿಷಿನದು. ಆದರೂ ಹಬ್ಬದ ಹೆಸರು ಮಾತ್ರ ‘ಗೋರೆಹಬ್ಬ’ ಎಂದೇ ಅಚ್ಚಾಗಿತ್ತು. ಹಬ್ಬ ಮಾಡುವವರು ಅದನ್ನು ಬೇರೆ ಮಾತಿನಲ್ಲಿ ಹೇಳದಿದ್ದ ಕಾರಣ, ಬರೆಯುವವರಿಗೆ ಬೇರೆ ಮಾತು ದೊರೆಯಲಿಲ್ಲ.

ಹೆಸರು ದೂರ ಹೋಗಿಯೂ ಊರನ್ನು ಕಳೆದುಕೊಳ್ಳುವುದುಂಟು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದ ಶ್ರೀ ಕೇಶವಾನಂದ ಭಾರತೀಯವರ ಹೆಸರನ್ನು ಅರಿಯದ ವಕೀಲನಿಲ್ಲ. ಕೇರಳದ ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿ ಅವರು ಹೂಡಿದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರ ಪೀಠವು ಏಳಕ್ಕೆ ಆರರ ಬಹುಮತದಿಂದ ತೀರ್ಪಿತ್ತು, ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಕೆಡಿಸಲಾಗದೆಂದು ಸಾರಿತು. ಇಂಗ್ಲಿಷಿನಲ್ಲಿ ಅವರ ಹೆಸರಿನ ಶಕಾರವನ್ನು ತೆಂಕಣ ಪದ್ಧತಿಯಂತೆ ಬರಿಯ ‘ಎಸ್’ ಅಕ್ಷರದಿಂದ ಬರೆದುದರಿಂದ, ಕಾನೂನಿನ ವಿದ್ಯಾರ್ಥಿಗಳು ‘ಕೇಸವಾನಂದ’ ಎಂದು ಓದುವುದುಂಟು. ಅವರು ಕನ್ನಡದಲ್ಲಿ ಆಶೀರ್ವಚನ ನೀಡುತ್ತಿದ್ದವರು, ಯಕ್ಷಗಾನದ ಪದಗಳನ್ನು ಹಾಡುತ್ತಿದ್ದವರು ಎಂಬುದು 2020ರಲ್ಲಿ ಅವರು ಬ್ರಹ್ಮೈಕ್ಯರಾದಾಗಲೇ ಎಷ್ಟೋ ಜನರಿಗೆ ತಿಳಿಯಿತು. ಇದಕ್ಕೆ ಪ್ರತಿಯಾಗಿ ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳನ್ನು ನೆನೆಯಿರಿ. ಅವರ ಹೆಸರಿನ ಮುಂದಿರುವ ‘ಎಂ.’ ಎಂಬುದು ಊರೇ ಹೊರತು ಬೇರೆಯಲ್ಲ. ಕನ್ನಡದ ಪುಸ್ತಕಗಳಲ್ಲಿ ಆ ಹೆಸರು ಅಚ್ಚಾದಾಗಲೆಲ್ಲ ಮಂಜೇಶ್ವರವೂ, ಸೊನ್ನೆಯ ಹಂಗಿಲ್ಲದೆ, ಅಚ್ಚಾಗುತ್ತಲೇ ಬಂದಿದೆ.

ಇಷ್ಟೆಲ್ಲ ವಿನೋದವಾಗಿ ಕಾಣಬಹುದು. ಆದರೆ ಇದರೊಳಗೆ ವಿನೋದವಲ್ಲದ ಸಂಗತಿಯೊಂದಿದೆ. 1956ಕ್ಕೆ ಮುಂಚೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು; ಅಲ್ಲಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮೂಲಗೇಣಿಯ, ಚಾಲಗೇಣಿಯ, ಪಾಲುಪಟ್ಟಿಯ ಪತ್ರಗಳು ಕನ್ನಡದಲ್ಲಿವೆ. ಅಜ್ಜನ ಕಾಲದ ಪತ್ರದಲ್ಲಿ ಅಜ್ಜನ ಹೆಸರು ಸುಬ್ಬಯ್ಯ. ಅಪ್ಪನ ಶಾಲಾ ದಾಖಲೆಯಲ್ಲಿ ಅದೇ ಅಜ್ಜ ‘ಸುಬ್ಬ’. ಮಗನ ಗುರುತಿನ ಚೀಟಿಯಲ್ಲಿ ಮನೆತನದ ಹೆಸರೇ ಬೇರೆ ಕಾಗುಣಿತದಲ್ಲಿದೆ. ಜಾಗದ ಹಕ್ಕನ್ನು ತೋರಿಸಬೇಕಾದ ದಿನ ಈ ಮೂರು ಹೆಸರಿನವರೂ ಒಂದೇ ಮನೆಯವರೆಂದು ಸಾಧಿಸುವುದಕ್ಕೆ ಮುದ್ರೆ, ಸಾಕ್ಷಿ, ಪ್ರಮಾಣಪತ್ರ ಎಲ್ಲ ಬೇಕಾಗುತ್ತದೆ. ಅದಾದರೂ ಆದೀತು. ಅದಕ್ಕಿಂತ ಹೆಚ್ಚಿನ ಕಷ್ಟವೆಂದರೆ, ಪತ್ರ ಕೈಯಲ್ಲಿ ಹಿಡಿದ ಮೊಮ್ಮಗನಿಗೆ ಅದನ್ನು ಓದಲು ಬಾರದಿರುವುದು. ಮನೆಯಲ್ಲಿ ಕನ್ನಡವನ್ನು ಸೊಗಸಾಗಿ ಆಡುವ ಹುಡುಗನೇ ಅವನು; ಅಕ್ಷರ ಮಾತ್ರ ಕಲಿತಿಲ್ಲ. ಬಯಲು ಯಾವುದು, ಮಜಲು ಯಾವುದು, ಬೆಟ್ಟು ಯಾವುದು, ಮೂಡಲ ಗಡಿಗೆ ಹೇಳಿದ ತೋಡು ಯಾವುದು, ಯಾವ ಅಜ್ಜಿಯ ಹೆಸರಿನಿಂದ ಆ ಗದ್ದೆಯನ್ನು ಕರೆಯುತ್ತಿದ್ದರು, ಎಲ್ಲವೂ ಆ ಹಾಳೆಯಲ್ಲಿದೆ. ಅವನು ಅದನ್ನು ಹಿಡಿದುಕೊಂಡು ನಿವೃತ್ತ ಉಪಾಧ್ಯಾಯರೊಬ್ಬರನ್ನು ಹುಡುಕಿಕೊಂಡು ಹೋಗಬೇಕು. ಇಂಥ ಮನೆಗಳನ್ನು ವಾಚಕರು ತಮ್ಮ ನೆರೆಯಲ್ಲೇ ಕಾಣಬಹುದು. ಆ ಉಪಾಧ್ಯಾಯರೂ ಇಲ್ಲದ ಕಾಲ ದೂರವಿಲ್ಲ.

ಕಾನೂನಿನ ಆಸರೆ ನಮಗೆ ಇಲ್ಲದಿಲ್ಲ. ರಾಜ್ಯ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿಯೇ ಸಂವಿಧಾನಕ್ಕೆ 350ಎ ಎಂಬ ಅನುಚ್ಛೇದವನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ವಿಧಿಸಿದರು. ಆ ಸೌಕರ್ಯವನ್ನು ಕೇಳುವುದು, ಇರುವ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವುದು ನಮ್ಮ ಹಕ್ಕೂ ಹೌದು, ಹೊಣೆಯೂ ಹೌದು. ಆದರೆ ಹತ್ತಿರದಲ್ಲಿ ಕನ್ನಡ ಶಾಲೆಯಿಲ್ಲದ ಮನೆಗಳು ಬಹಳ. ಅವರು ಕೈಕಟ್ಟಿ ಕೂರಬೇಕಾಗಿಲ್ಲ. ಆದವಾನಿ, ರಾಯದುರ್ಗಗಳ ಮಕ್ಕಳಿಗೆ ಈ ಕೆಲಸ ಅತ್ಯಂತ ಸುಲಭ. ತೆಲುಗಿನ ಲಿಪಿಯೂ ನಮ್ಮದೂ ಒಂದೇ ತಾಯಿಯ ಮಕ್ಕಳು; ತಲೆಕಟ್ಟಿನ ಭೇದವನ್ನೂ ಹತ್ತಾರು ಅಕ್ಷರಗಳ ಆಕಾರವನ್ನೂ ತೋರಿಸಿಕೊಟ್ಟರೆ ಬೇಸಗೆಯ ರಜೆಯೊಳಗೆ ಮಗು ಕನ್ನಡ ಓದೀತು. ಮಲಯಾಳ ಕಲಿತ ಮಗುವಿಗೆ ವರ್ಣಮಾಲೆಯ ಕ್ರಮವೆಲ್ಲ ಗೊತ್ತೇ ಇದೆ, ಆಕಾರ ಮಾತ್ರ ಹೊಸದು. ಮರಾಠಿ ಕಲಿತ ಮಗುವಿಗೂ ಹಾಗೆಯೇ. ತಮಿಳಿನ ಮಗುವಿಗೆ ಕೆಲವು ಅಕ್ಷರ ಹೆಚ್ಚು, ಅಷ್ಟೆ. ಎಳೆಯ ಮಕ್ಕಳಿಗೆ ಅದೇನು ಭಾರವಲ್ಲ.

ಮೊದಲ ಪಾಠಕ್ಕೆ ಪುಸ್ತಕವೂ ಬೇಡ. ಮಗುವಿನ ಹೆಸರೇ ಸಾಕು. ಅದನ್ನು ಕನ್ನಡದಲ್ಲಿ ಬರೆದು ತೋರಿಸಿರಿ, ತಾನೇ ಬರೆಯಲಿ. ಆಮೇಲೆ ಅಮ್ಮನ ಹೆಸರು, ಅಪ್ಪನ ಹೆಸರು, ಅಜ್ಜ ಅಜ್ಜಿಯರ ಹೆಸರು, ಊರಿನ ಹೆಸರು. ಒಂದು ಕುಟುಂಬದ ಹೆಸರುಗಳಷ್ಟನ್ನು ಬರೆಯುವ ಹೊತ್ತಿಗೆ ವರ್ಣಮಾಲೆಯ ಅರ್ಧ ಭಾಗ ಕೈಗೆ ಬಂದಿರುತ್ತದೆ. ಮದುವೆಯ ಕರೆಯೋಲೆಯನ್ನು ಎರಡು ಭಾಷೆಗಳಲ್ಲಿ ಅಚ್ಚುಮಾಡಿಸುವವರು ಕನ್ನಡದ ಪುಟವನ್ನು ಖರ್ಚಿನ ನೆಪದಿಂದ ಬಿಡಬಾರದು. ಮನೆಯ ಬಾಗಿಲ ಫಲಕದಲ್ಲಿ ಒಂದು ಸಾಲು ಕನ್ನಡಕ್ಕೆ ಜಾಗವಿರಲಿ. ಗುರುತಿನ ಚೀಟಿಯಲ್ಲಿ ಹೆಸರು ಹೇಗೇ ಇರಲಿ, ಸರಿಯಾದ ರೂಪ ಯಾವುದೆಂದು ಮನೆಯಲ್ಲೊಂದು ಕಡೆ ಬರೆದಿಟ್ಟಿರಬೇಕು. ಅದನ್ನು ಓದಬಲ್ಲವರೂ ಆ ಮನೆಯಲ್ಲಿ ಇರಬೇಕು.

ಕೊನೆಯದಾಗಿ ಒಂದು ವಿನಂತಿ. ತಮ್ಮ ಊರಿನ, ಗದ್ದೆಯ, ಬಾವಿಯ, ಗುಡ್ಡದ ಹಳೆಯ ಕನ್ನಡ ಹೆಸರುಗಳನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ವಾಚಕ ಬಂಧುಗಳು ಅವನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ನಮಗೆ ಕಳುಹಿಸಿಕೊಡಬೇಕು. ಈಗ ಅಲ್ಲಿ ಏನೆಂದು ಕರೆಯುತ್ತಾರೆಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಬರೆಯುವ ಕೈ ಮನೆಯ ಮಕ್ಕಳದಾಗಿದ್ದರೆ ನಮಗೆ ಇನ್ನೂ ಸಂತೋಷ. ಅಕ್ಷರ ಡೊಂಕಾಗಿದ್ದರೆ ಚಿಂತೆಯಿಲ್ಲ, ನಾವು ಓದಿಕೊಳ್ಳುತ್ತೇವೆ.